ಹೆಣ್ಣುಕುದುರೆಯ ಫಲವತ್ತತೆ ಮತ್ತು ಸಂತಾನೋತ್ಪತ್ತಿಯ ಯಶಸ್ಸು

ಹೆಣ್ಣುಕುದುರೆ ಬೆದೆಗೆ ಬಂದು, ಗಬ್ಬ ಕಟ್ಟಿ, ಹನ್ನೊಂದು ತಿಂಗಳು ಹೊತ್ತು, ಬದುಕುವಂಥ ಮರಿ ಹಾಕುವ ಸಾಮರ್ಥ್ಯವೇ ಅದರ ಫಲವತ್ತತೆ. ಗಂಡು ಹಾಯಿಸಿದ ಕುದುರೆಗಳಲ್ಲಿ ಎಷ್ಟು ಗಬ್ಬವಾದವು ಎಂಬುದು ಇದರ ಒಂದು ಅಳತೆ. ಎಷ್ಟು ಕುದುರೆಗಳು ಜೀವಂತ ಮರಿ ಹಾಕಿದವು ಎಂಬುದು ಇನ್ನೊಂದು. ಸಾಕುವವನಿಗೆ ಕೊನೆಗೆ ಲೆಕ್ಕಕ್ಕೆ ಬರುವುದು ಈ ಎರಡನೆಯದೇ. ಇಂಗ್ಲೆಂಡಿನ ನ್ಯೂಮಾರ್ಕೆಟ್‌ನ ಥರೋಬ್ರೆಡ್ ಕುದುರೆಗಳ 1998ರ ಹಂಗಾಮನ್ನು ಅಭ್ಯಾಸ ಮಾಡಿ ಮಾರಿಸ್ ಮತ್ತು ಆಲನ್ 2002ರಲ್ಲಿ ಪ್ರಕಟಿಸಿದ ವರದಿಯಂತೆ, ಒಂದು ಬೆದೆಯಲ್ಲಿ ಹಾಯಿಸಿದಾಗ 15ನೆಯ ದಿನಕ್ಕೆ ಗಬ್ಬ ಕಾಣಿಸಿದ್ದು ಸುಮಾರು ಶೇ. 60ರಲ್ಲಿ. ಹಂಗಾಮು ಮುಗಿಯುವಷ್ಟರಲ್ಲಿ ಸುಮಾರು ಶೇ. 95 ಕುದುರೆಗಳು ಒಮ್ಮೆಯಾದರೂ ಗಬ್ಬ ಕಟ್ಟಿದ್ದವು; ಮರಿ ಹಾಕಿದ್ದು ಸುಮಾರು ಶೇ. 83 ಮಾತ್ರ.

ಸಾಕುಪ್ರಾಣಿಗಳಲ್ಲೆಲ್ಲ ಕುದುರೆಗೇ ಫಲ ಕಡಿಮೆ ಎಂಬ ಮಾತು ಹಳೆಯದು. ಈ ದೂರನ್ನು ಪೂರ್ತಿಯಾಗಿ ಪ್ರಾಣಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಎಳೆಯ, ಆರೋಗ್ಯವಂತ ಹೆಣ್ಣುಕುದುರೆ ತನ್ನ ಸಹಜ ಋತುವಿನಲ್ಲಿ ಸುಲಭವಾಗಿಯೇ ಗಬ್ಬ ಕಟ್ಟುತ್ತದೆ. ಸೋಲಿನ ದೊಡ್ಡ ಪಾಲು ಬರುವುದು ಮನುಷ್ಯ ಹೇರಿದ ಪಂಚಾಂಗದಿಂದ, ಓಟವನ್ನೇ ನೋಡಿ ಫಲವನ್ನು ನೋಡದೆ ಮಾಡಿದ ಆಯ್ಕೆಯಿಂದ ಮತ್ತು ಹೊತ್ತು ತಪ್ಪಿದ ಆರೈಕೆಯಿಂದ.

ಚಾರಿತ್ರಿಕ ಹಿನ್ನೆಲೆ

ದಕ್ಷಿಣ ಭಾರತಕ್ಕೆ ಈ ಪ್ರಶ್ನೆ ಹೊಸದಲ್ಲ. 13ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಗೆ ಬಂದ ಮಾರ್ಕೋ ಪೋಲೋ, ಅಲ್ಲಿನ ಅರಸರು ವರ್ಷವರ್ಷವೂ ಅಪಾರ ಹಣ ತೆತ್ತು ಅರಬ್ ಮತ್ತು ಪರ್ಷಿಯಾ ಕಡೆಯ ಕುದುರೆಗಳನ್ನು ತರಿಸುತ್ತಿದ್ದುದನ್ನೂ, ಆರೈಕೆ ಬಲ್ಲವರಿಲ್ಲದೆ ಅವು ಸಾಯುತ್ತಿದ್ದುದನ್ನೂ, ಅಲ್ಲಿ ಹುಟ್ಟಿದ ಮರಿಗಳು ಸೊರಗಿರುತ್ತಿದ್ದುದನ್ನೂ ದಾಖಲಿಸಿದ್ದಾನೆ. ವಿಜಯನಗರದ ಅಶ್ವಬಲವೂ ಭಟ್ಕಳ, ಗೋವೆಗಳಂಥ ಬಂದರುಗಳಲ್ಲಿ ಇಳಿಯುತ್ತಿದ್ದ ಕುದುರೆಗಳನ್ನೇ ನೆಚ್ಚಿಕೊಂಡಿತ್ತು. ಕುದುರೆಯ ಆರೈಕೆಯನ್ನು ಕನ್ನಡದಲ್ಲೇ ಬರೆದಿಡುವ ಪ್ರಯತ್ನವೂ ಆಗಿತ್ತು. ಅಭಿನವಚಂದ್ರನ ‘ಅಶ್ವವೈದ್ಯ’ ಅದಕ್ಕೆ ಸಾಕ್ಷಿ. ಸೈನ್ಯಕ್ಕೆ ಬೇಕಾದ ಕುದುರೆಗಳನ್ನು ನಾಡಿನಲ್ಲೇ ಬೆಳೆಸಲು ಟಿಪ್ಪು ಸುಲ್ತಾನನ ಕಾಲದಲ್ಲಿ ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿ ಆರಂಭವಾದ ಅಶ್ವಶಾಲೆ ಮುಂದೆ ಬ್ರಿಟಿಷರ ಮತ್ತು ಮೈಸೂರು ಸಂಸ್ಥಾನದ ಕೈ ದಾಟಿ, ಥರೋಬ್ರೆಡ್ ತಳಿಯ ಸಂವರ್ಧನ ಕೇಂದ್ರವಾಗಿ ಹೆಸರಾಯಿತು. ಸರಿಯಾದ ಮೇವು ಮತ್ತು ನುರಿತ ಕೈ ಇದ್ದರೆ ಕನ್ನಡ ನೆಲದಲ್ಲೂ ಒಳ್ಳೆಯ ಮರಿ ಹುಟ್ಟುತ್ತದೆ ಎಂಬುದನ್ನು ಕುಣಿಗಲ್ ತೋರಿಸಿಕೊಟ್ಟಿದೆ.

ಹಗಲಿನ ಅಳತೆ ಮತ್ತು ಋತು

ಹೆಣ್ಣುಕುದುರೆ ಹಗಲು ಬೆಳೆಯುವ ಕಾಲದಲ್ಲಿ ಬೆದೆಗೆ ಬರುವ ಪ್ರಾಣಿ. ಕತ್ತಲಲ್ಲಿ ಮಿದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಸ್ರವಿಸುತ್ತದೆ. ರಾತ್ರಿ ದೀರ್ಘವಾದಷ್ಟೂ ಈ ಸ್ರಾವ ಹೆಚ್ಚು ಹೊತ್ತು ನಡೆದು, ಅಂಡಾಶಯವನ್ನು ಚುರುಕುಗೊಳಿಸುವ ಹಾರ್ಮೋನುಗಳು ತಗ್ಗುತ್ತವೆ. ಉತ್ತರದ ದೇಶಗಳಲ್ಲಿ ಹೆಚ್ಚಿನ ಕುದುರೆಗಳ ಅಂಡಾಶಯ ಚಳಿಗಾಲದಲ್ಲಿ ಕೆಲಸ ನಿಲ್ಲಿಸಿಬಿಡುತ್ತದೆ. ಹಗಲು ಹಿಗ್ಗಿದಂತೆ ಒಂದೆರಡು ತಿಂಗಳ ಮಧ್ಯಂತರ ಕಾಲ ಬರುತ್ತದೆ. ಆಗ ಅಂಡವನ್ನು ಹೊತ್ತ ಕೋಶಿಕೆಗಳು ಬೆಳೆದು, ಅಂಡ ಬಿಡದೆಯೇ ಕುಗ್ಗಿಹೋಗುತ್ತವೆ. ಕುದುರೆ ವಾರಗಟ್ಟಲೆ ಬೆದೆಯ ಲಕ್ಷಣ ತೋರಿಸಿದರೂ ಹಾಯಿಸಿ ಫಲವಿಲ್ಲ.

ನ್ಯೂಮಾರ್ಕೆಟ್‌ನಲ್ಲಿ ಅತಿ ಚಿಕ್ಕ ಹಗಲು 8 ಗಂಟೆಗಿಂತ ಕಡಿಮೆ, ಅತಿ ದೊಡ್ಡದು 16 ಗಂಟೆಗಿಂತ ಹೆಚ್ಚು. ಬೆಂಗಳೂರಿನ ಅಕ್ಷಾಂಶದಲ್ಲಿ ಇವೆರಡರ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ಹೀಗಾಗಿ ನಮ್ಮಲ್ಲಿ ಋತುವಿನ ಕಟ್ಟು ಸಡಿಲ. ಮೇವು, ಮಳೆ ಮತ್ತು ಮೈಕಟ್ಟಿನ ಪ್ರಭಾವ ಅದೇ ಪ್ರಮಾಣದಲ್ಲಿ ಹೆಚ್ಚು.

ರೇಸ್ ಕುದುರೆಗಳ ಸಮಸ್ಯೆ ಬೇರೆ. ಉತ್ತರಾರ್ಧಗೋಳದಲ್ಲಿ, ಭಾರತದಲ್ಲೂ ಸಹ, ಥರೋಬ್ರೆಡ್ ಮರಿ ಯಾವ ತಿಂಗಳು ಹುಟ್ಟಿದರೂ ಅದರ ವಯಸ್ಸನ್ನು ಆ ವರ್ಷದ ಜನವರಿ 1ರಿಂದ ಎಣಿಸುತ್ತಾರೆ. ದಕ್ಷಿಣಾರ್ಧಗೋಳದ ಹಲವು ದೇಶಗಳಲ್ಲಿ ಆಗಸ್ಟ್ 1ರಿಂದ. ಜನವರಿಯಲ್ಲಿ ಹುಟ್ಟಿದ ಮರಿಗೂ ಮೇ ತಿಂಗಳಲ್ಲಿ ಹುಟ್ಟಿದ ಮರಿಗೂ ಪಂದ್ಯದಲ್ಲಿ ಒಂದೇ ವಯಸ್ಸು. ಆದ್ದರಿಂದ ಸಾಕುವವರು ಫೆಬ್ರುವರಿಯ ನಡುವಿನಿಂದಲೇ ಗಂಡು ಹಾಯಿಸತೊಡಗುತ್ತಾರೆ, ಅಂದರೆ ಉತ್ತರದಲ್ಲಿ ಪ್ರಕೃತಿ ಸಿದ್ಧವಾಗುವುದಕ್ಕೆ ಎರಡು ತಿಂಗಳು ಮೊದಲೇ. ಇದಕ್ಕೆ ಪರಿಹಾರವಾಗಿ ಲಾಯದಲ್ಲಿ ದೀಪ ಉರಿಸುತ್ತಾರೆ. ಸಹಜ ಹಗಲೂ ಸೇರಿ ದಿನಕ್ಕೆ 16 ಗಂಟೆ ಬೆಳಕು, ಉಳಿದ 8 ಗಂಟೆ ಕತ್ತಲು ಇರುವಂತೆ ನೋಡಿಕೊಂಡರೆ 60ರಿಂದ 70 ದಿನಗಳಲ್ಲಿ ಅಂಡಾಶಯ ಎಚ್ಚರಗೊಳ್ಳುತ್ತದೆ. ಇಪ್ಪತ್ತನಾಲ್ಕು ಗಂಟೆಯೂ ದೀಪ ಉರಿಸಿದರೆ ಈ ಫಲ ಸಿಗದು. ಕತ್ತಲಿನ ಪಾಲೂ ಬೇಕು. ಹೊಲದಲ್ಲೇ ಇರುವ ಕುದುರೆಗಳಿಗೆ ಒಂದು ಕಣ್ಣಿಗೆ ನೀಲಿ ಬೆಳಕು ಬೀರುವ ಮುಖವಾಡ ತೊಡಿಸುವ ಪದ್ಧತಿಯೂ ಬಂದಿದೆ.

ಬೆದೆ ಚಕ್ರ ಮತ್ತು ಹಾಯಿಸುವ ಹೊತ್ತು

ಚಕ್ರದ ಅವಧಿ 21ರಿಂದ 22 ದಿನ. ಅದರಲ್ಲಿ ಬೆದೆ 5ರಿಂದ 7 ದಿನ. ಹಸುವಿನ ಬೆದೆ ಒಂದು ದಿನದೊಳಗೆ ಮುಗಿಯುವುದರಿಂದ ದನ ಸಾಕಿ ಬಲ್ಲವರಿಗೆ ಈ ದೀರ್ಘ ಬೆದೆ ಗೊಂದಲ ತರುತ್ತದೆ. ಗಂಡನ್ನು ಕಂಡಾಗ ಬಾಲ ಪಕ್ಕಕ್ಕೆ ಎತ್ತುವುದು, ಹಿಂಗಾಲು ಅಗಲಿಸಿ ಸ್ವಲ್ಪ ಕೂರುವುದು, ಮೂತ್ರ ಚಿಮ್ಮಿಸುವುದು, ಯೋನಿದ್ವಾರವನ್ನು ಮತ್ತೆ ಮತ್ತೆ ಮಿಟುಕಿಸುವುದು ಬೆದೆಯ ಲಕ್ಷಣ. ಬೆದೆ ಇಲ್ಲದಾಗ ಕಿವಿ ಹಿಂದಕ್ಕೆ ಮಡಚಿ, ಕಿರುಚಿ ಒದೆಯುತ್ತದೆ. ಮರಿ ಪಕ್ಕದಲ್ಲಿದ್ದರೆ, ಇಲ್ಲವೇ ಮೊದಲ ಬಾರಿಯ ಅಂಜಿಕೆಯಿಂದ, ಕೆಲವು ಕುದುರೆಗಳು ಬೆದೆಯಲ್ಲಿದ್ದೂ ತೋರಿಸಿಕೊಳ್ಳುವುದಿಲ್ಲ. ಇದಕ್ಕೆ ಮೂಕ ಬೆದೆ ಎನ್ನುತ್ತಾರೆ.

ಅಂಡ ಬಿಡುಗಡೆಯಾಗುವುದು ಬೆದೆ ಮುಗಿಯುವುದಕ್ಕೆ 24ರಿಂದ 48 ಗಂಟೆ ಮೊದಲು. ಆಗ ಕೋಶಿಕೆಯ ವ್ಯಾಸ ಸಾಮಾನ್ಯವಾಗಿ 35ರಿಂದ 45 ಮಿಲಿಮೀಟರ್. ಬೇರೆ ಪ್ರಾಣಿಗಳಲ್ಲಿ ಅಂಡಾಶಯದ ಮೇಲ್ಮೈಯ ಯಾವ ಜಾಗದಿಂದಲಾದರೂ ಅಂಡ ಹೊರಬರಬಹುದು. ಕುದುರೆಯಲ್ಲಿ ಮಾತ್ರ ಅಂಡಾಶಯದ ಒಂದು ನಿಶ್ಚಿತ ತಗ್ಗಿನಿಂದಲೇ ಬರಬೇಕು. ಹೊರಬಂದ ಅಂಡ ಫಲಿಸುವ ಶಕ್ತಿ ಉಳಿಸಿಕೊಳ್ಳುವುದು 12 ಗಂಟೆಯ ಆಸುಪಾಸು ಮಾತ್ರ. ಒಳ್ಳೆಯ ಗಂಡಿನ ವೀರ್ಯಾಣುಗಳು ಹೆಣ್ಣಿನ ಒಡಲಲ್ಲಿ ಎರಡು ಮೂರು ದಿನ ಬದುಕಿರುತ್ತವೆ. ಆದ್ದರಿಂದ ಅಂಡ ಬರುವ ಮೊದಲೇ ವೀರ್ಯ ಅಲ್ಲಿ ಕಾದಿರಬೇಕು. ಸಹಜವಾಗಿ ಹಾಯಿಸುವಾಗ ಅಂಡ ಬಿಡುಗಡೆಗೆ ಮುಂಚಿನ 48 ಗಂಟೆ ಒಳ್ಳೆಯ ಹೊತ್ತು. ತಣ್ಣಗಿಟ್ಟು ಸಾಗಿಸಿದ ವೀರ್ಯಕ್ಕೆ ಈ ಅವಕಾಶ ಸುಮಾರು 24 ಗಂಟೆ. ಹೆಪ್ಪುಗಟ್ಟಿಸಿದ ವೀರ್ಯವನ್ನು ಅಂಡ ಬಿಡುಗಡೆಗೆ ಮೊದಲಿನ 12 ಗಂಟೆಯಿಂದ ನಂತರದ 6 ಗಂಟೆಯೊಳಗೆ ಬಿಡಬೇಕು.

ಈ ಹೊತ್ತನ್ನು ಹಿಡಿಯಲು ಇಂದು ಸ್ಕ್ಯಾನ್ ನೆರವಿದೆ. ಫ್ರಾನ್ಸಿನ ಪಾಮರ್ ಮತ್ತು ದ್ರಿಯಾಂಕೂರ್ 1980ರಲ್ಲಿ ಹೆಣ್ಣುಕುದುರೆಯ ಗರ್ಭಕೋಶವನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡುವ ಕ್ರಮವನ್ನು ಪ್ರಕಟಿಸಿದ ಮೇಲೆ ಅಶ್ವಶಾಲೆಗಳ ದಿನಚರಿಯೇ ಬದಲಾಯಿತು. ಬೆದೆಯಲ್ಲಿರುವ ಕುದುರೆಯ ಗರ್ಭಕೋಶದ ಒಳಮಡಿಕೆಗಳು ನೀರುಂಡು ಉಬ್ಬಿ, ಪರದೆಯ ಮೇಲೆ ಅಡ್ಡ ಕೊಯ್ದ ಕಿತ್ತಳೆಯ ಹೋಳಿನಂತೆ ಕಾಣುತ್ತವೆ. ಪಕ್ಕದ ಅಂಡಾಶಯದಲ್ಲಿ ಕೋಶಿಕೆ ಕಪ್ಪು ಗುಂಡಾಗಿ ಕಾಣುತ್ತದೆ. ಮಡಿಕೆಗಳ ಉಬ್ಬು ತಗ್ಗತೊಡಗಿ, ದುಂಡಗಿದ್ದ ಕೋಶಿಕೆ ಮೆತ್ತಗಾಗಿ ಒಂದು ಕಡೆಗೆ ಚೂಪಾದರೆ ಅಂಡ ಬಿಡುಗಡೆ ಹತ್ತಿರವಾಯಿತೆಂದು ಅರ್ಥ. 35 ಮಿಲಿಮೀಟರ್ ದಾಟಿದ ಕೋಶಿಕೆ ಇರುವಾಗ ಎಚ್‌ಸಿಜಿ ಇಲ್ಲವೇ ಡೆಸ್ಲೊರೆಲಿನ್ ಎಂಬ ಹಾರ್ಮೋನು ಮದ್ದು ಕೊಟ್ಟರೆ ಸುಮಾರು ಎರಡು ದಿನದೊಳಗೆ ಅಂಡ ಬಿಡುಗಡೆಯಾಗುತ್ತದೆ. ಹಾಯಿಸುವುದನ್ನು ಒಂದೇ ಸಲಕ್ಕೆ ಮುಗಿಸಬಹುದಾದ್ದರಿಂದ ಗಂಡಿಗೂ ದಣಿವಿಲ್ಲ, ಹೆಣ್ಣಿನ ಗರ್ಭಕೋಶಕ್ಕೂ ಸೋಂಕಿನ ಭಯ ಕಡಿಮೆ.

ವಯಸ್ಸು

ಫಲ ಚೆನ್ನಾಗಿರುವುದು ಸುಮಾರು ಐದರಿಂದ ಹನ್ನೆರಡು ವರ್ಷದವರೆಗೆ. ಹದಿನೈದು ದಾಟಿದ ಮೇಲೆ ಇಳಿಕೆ ಸ್ಪಷ್ಟ. ಅಂಡಗಳ ಸಂಖ್ಯೆ ಹುಟ್ಟಿನಲ್ಲೇ ನಿಗದಿಯಾಗಿರುವುದರಿಂದ ಕುದುರೆಯ ಜೊತೆಗೆ ಅವೂ ಮುಪ್ಪಾಗುತ್ತವೆ. ಮುದಿ ಅಂಡದಿಂದಾದ ಭ್ರೂಣ ಮೊದಲ ವಾರಗಳಲ್ಲೇ ನಶಿಸುವುದು ಹೆಚ್ಚು. ಗರ್ಭಕೋಶದ ಒಳಪದರದಲ್ಲಿ ಗ್ರಂಥಿಗಳ ಸುತ್ತ ನಾರಿನ ಅಂಗಾಂಶ ಬೆಳೆದು, ಭ್ರೂಣಕ್ಕೆ ಸಿಗಬೇಕಾದ ಪೋಷಣೆ ತಗ್ಗುತ್ತದೆ. ಈ ಹಾನಿಯನ್ನು ಅಳೆಯಲು ಒಳಪದರದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವನ್ನು ಅಮೆರಿಕದ ಕೆನ್ನಿ 1978ರಲ್ಲಿ ವ್ಯವಸ್ಥಿತಗೊಳಿಸಿದ. ಆ ವರ್ಗೀಕರಣದಂತೆ ಮೊದಲ ದರ್ಜೆಯ ಗರ್ಭಕೋಶವಿರುವ ಕುದುರೆ ಮರಿ ಹಾಕುವ ಸಂಭವ ಶೇ. 80ರಿಂದ 90, ಕೊನೆಯ ದರ್ಜೆಯಲ್ಲಿ ಶೇ. 10ರ ಆಸುಪಾಸು. ಒಮ್ಮೆಯೂ ಮರಿ ಹಾಕದೆ ಹದಿನಾಲ್ಕು ಹದಿನೈದು ವರ್ಷ ಮುಟ್ಟಿದ ಕುದುರೆಯ ಗರ್ಭಕೊರಳು ಬಿಗಿಯಾಗಿ, ಹಾಯಿಸಿದ ಮೇಲಿನ ದ್ರವ ಹೊರಹೋಗದೆ ನಿಲ್ಲುತ್ತದೆ. ಓಟದಲ್ಲಿ, ಜಿಗಿತದಲ್ಲಿ ಯೌವನ ಕಳೆದು ತಡವಾಗಿ ಸಂತಾನಕ್ಕೆ ಬರುವ ಕುದುರೆಗಳ ದೊಡ್ಡ ತೊಡಕು ಇದು.

ಹುಟ್ಟಿನಿಂದಲೇ ಫಲವಿಲ್ಲದ ಕುದುರೆಗಳು ವಿರಳ. ಕುದುರೆಗೆ ಸಹಜವಾಗಿ 64 ವರ್ಣತಂತುಗಳಿದ್ದು, ಒಂದು ಎಕ್ಸ್ ವರ್ಣತಂತು ಇಲ್ಲದೆ 63 ಉಳಿದರೆ ಅಂಡಾಶಯ ಪುಟ್ಟದಾಗಿಯೇ ಉಳಿದು ಬೆದೆ ನಿಯಮಿತವಾಗಿ ಬರುವುದಿಲ್ಲ. ಇದಕ್ಕೆ ಚಿಕಿತ್ಸೆಯಿಲ್ಲ.

ದೇಹರಚನೆ ಮತ್ತು ಗರ್ಭಕೋಶದ ಸೋಂಕು

ಹೊರಗಿನ ಕೊಳಕಿನಿಂದ ಗರ್ಭಕೋಶವನ್ನು ಕಾಯುವ ತಡೆಗಳು ಮೂರು: ಯೋನಿದ್ವಾರದ ತುಟಿಗಳು, ಒಳಗಿನ ಮಡಿಕೆ ಮತ್ತು ಗರ್ಭಕೊರಳು. ತುಟಿಗಳು ನೆಟ್ಟಗೆ, ಬಿಗಿಯಾಗಿ, ಬಹುಪಾಲು ಸೊಂಟದ ಮೂಳೆಗಿಂತ ಕೆಳಗಿರಬೇಕು. ಹಲವು ಮರಿ ಹಾಕಿದ, ವಯಸ್ಸಾದ ಅಥವಾ ಬಡಕಲಾದ ಕುದುರೆಯಲ್ಲಿ ಗುದದ್ವಾರ ಒಳಕ್ಕೆ ಕುಸಿದು ತುಟಿಗಳು ಓರೆಯಾಗುತ್ತವೆ. ಆಗ ಲದ್ದಿ ನೇರವಾಗಿ ಅವುಗಳ ಮೇಲೆ ಬೀಳುತ್ತದೆ, ಪ್ರತಿ ಹೆಜ್ಜೆಗೂ ಗಾಳಿ ಒಳಕ್ಕೆ ನುಗ್ಗುತ್ತದೆ. ಕ್ಯಾಸ್ಲಿಕ್ ಎಂಬ ಅಮೆರಿಕದ ಪಶುವೈದ್ಯ 1937ರಲ್ಲಿ ಇದಕ್ಕೊಂದು ಸರಳ ಪರಿಹಾರ ಹೇಳಿದ: ತುಟಿಗಳ ಮೇಲ್ಭಾಗವನ್ನು ಹೊಲಿದು ಮುಚ್ಚುವುದು. ಇಂದಿಗೂ ಇದೇ ಹೊಲಿಗೆ ಅಸಂಖ್ಯ ಕುದುರೆಗಳನ್ನು ಫಲಕ್ಕೆ ತರುತ್ತಿದೆ. ಮರಿ ಹಾಕುವ ಮುನ್ನ ಇದನ್ನು ಬಿಚ್ಚುವುದು ಮರೆತರೆ ಮಾತ್ರ ತುಟಿಗಳು ಹರಿದುಹೋಗುತ್ತವೆ.

ಹಾಯಿಸಿದ ಮೇಲೆ ಗರ್ಭಕೋಶದಲ್ಲಿ ಉರಿಯೂತ ಬರುವುದು ಸಹಜ. ವೀರ್ಯ ಬೀಳುವುದೇ ಗರ್ಭಕೋಶದ ಒಳಕ್ಕೆ. ಅದರ ಜೊತೆಗೆ ಬ್ಯಾಕ್ಟೀರಿಯಾ, ಧೂಳು ಸೇರುತ್ತವೆ. ಆರೋಗ್ಯವಂತ ಗರ್ಭಕೋಶ ಒಂದೆರಡು ದಿನದೊಳಗೆ ಹಿಂಡಿಕೊಂಡು ಎಲ್ಲವನ್ನೂ ಹೊರಹಾಕುತ್ತದೆ. ಕೆಲವು ಕುದುರೆಗಳಲ್ಲಿ, ಮುಖ್ಯವಾಗಿ ಗರ್ಭಕೋಶ ಜೋತುಬಿದ್ದ ಹಿರಿಯ ಕುದುರೆಗಳಲ್ಲಿ, ದ್ರವ ಅಲ್ಲೇ ನಿಲ್ಲುತ್ತದೆ. ಅಂಡನಾಳದಿಂದ ಭ್ರೂಣ ಗರ್ಭಕೋಶಕ್ಕೆ ಇಳಿಯುವುದು ಆರನೆಯ ದಿನದ ಹೊತ್ತಿಗೆ. ಅಷ್ಟರೊಳಗೆ ಉರಿಯೂತ ಶಮನವಾಗದಿದ್ದರೆ ಅದು ಬದುಕದು. ಫಲಕ್ಕೆ ಬೇಕಾದಷ್ಟು ವೀರ್ಯಾಣುಗಳು ನಾಲ್ಕು ಗಂಟೆಯೊಳಗೆ ಅಂಡನಾಳ ಸೇರಿರುತ್ತವೆ. ಹೀಗಾಗಿ ಆ ಬಳಿಕ ಉಪ್ಪುದ್ರಾವಣದಿಂದ ಗರ್ಭಕೋಶ ತೊಳೆದು ಆಕ್ಸಿಟೋಸಿನ್ ಕೊಟ್ಟರೆ ದ್ರವ ಹೊರಬೀಳುತ್ತದೆ, ಗಬ್ಬಕ್ಕೆ ತೊಂದರೆಯಿಲ್ಲ.

ಸೋಂಕಿಗೆ ಹೆಚ್ಚಾಗಿ ಕಾರಣವಾಗುವುದು ಸ್ಟ್ರೆಪ್ಟೊಕಾಕಸ್ ಜೂಎಪಿಡೆಮಿಕಸ್ ಮತ್ತು ಇ. ಕೋಲೈ. ಕಂಡಕಂಡದ್ದಕ್ಕೆಲ್ಲ ಆ್ಯಂಟಿಬಯಾಟಿಕ್ ತುಂಬಿದರೆ ಶಿಲೀಂಧ್ರ ಬೆಳೆಯುವ ಅಪಾಯವಿರುವುದರಿಂದ ಮಾದರಿ ತೆಗೆದು ಪರೀಕ್ಷಿಸಿಯೇ ಮದ್ದು ಕೊಡಬೇಕು. 1977ರಲ್ಲಿ ನ್ಯೂಮಾರ್ಕೆಟ್‌ನಲ್ಲಿ ಕಾಣಿಸಿಕೊಂಡ ಸಾಂಕ್ರಾಮಿಕ ಗರ್ಭಕೋಶ ಉರಿಯೂತ ಟೇಲೊರೆಲ್ಲ ಎಂಬ ಬ್ಯಾಕ್ಟೀರಿಯಾದಿಂದ ಬರುವ, ಹಾಯಿಸುವಾಗಲೇ ಹರಡುವ ರೋಗ. ಗಂಡಿನಲ್ಲಿ ಇದರ ಯಾವ ಲಕ್ಷಣವೂ ಕಾಣುವುದಿಲ್ಲ. ಹಂಗಾಮಿಗೆ ಮುನ್ನ ಗಂಡು ಹೆಣ್ಣು ಎರಡನ್ನೂ ಪರೀಕ್ಷಿಸುವ ಶಿಸ್ತು ಬಂದದ್ದು ಆ ಪೆಟ್ಟಿನ ನಂತರ.

ಭ್ರೂಣದ ಮೊದಲ ವಾರಗಳು

ಕುದುರೆಯಲ್ಲಿ ಫಲಿತ ಭ್ರೂಣ ಮಾತ್ರ ಗರ್ಭಕೋಶಕ್ಕೆ ಇಳಿಯುತ್ತದೆ, ಫಲಿಸದ ಅಂಡ ನಾಳದಲ್ಲೇ ಉಳಿಯುತ್ತದೆ. ಭ್ರೂಣ ಸ್ರವಿಸುವ ಪ್ರೊಸ್ಟಗ್ಲಾಂಡಿನ್ ಇ2 ನಾಳವನ್ನು ಸಡಿಲಿಸಿ ದಾರಿ ಬಿಡಿಸುತ್ತದೆ. ಇಳಿದ ಭ್ರೂಣ ಒಂದೆಡೆ ನಿಲ್ಲದೆ ಗರ್ಭಕೋಶದ ಎರಡೂ ಕೊಂಬುಗಳಲ್ಲಿ ಓಡಾಡುತ್ತಾ ತಾನಿರುವ ಸುದ್ದಿಯನ್ನು ತಾಯಿಯ ಒಡಲಿಗೆ ಮುಟ್ಟಿಸುತ್ತದೆ. ಸುದ್ದಿ ಮುಟ್ಟದಿದ್ದರೆ ಸುಮಾರು 14ನೆಯ ದಿನ ಗರ್ಭಕೋಶ ಬಿಡುವ ಹಾರ್ಮೋನು ಅಂಡಾಶಯದಲ್ಲಿ ಗಬ್ಬವನ್ನು ಕಾಯುವ ಪೀತಕಾಯವನ್ನು ಕರಗಿಸಿ, ಕುದುರೆ ಮತ್ತೆ ಬೆದೆಗೆ ಬರುತ್ತದೆ. 16ನೆಯ ದಿನದ ಹೊತ್ತಿಗೆ ಭ್ರೂಣ ಒಂದು ಕೊಂಬಿನ ಬುಡದಲ್ಲಿ ನೆಲೆಗೊಳ್ಳುತ್ತದೆ. ಸ್ಕ್ಯಾನ್‌ನಲ್ಲಿ ಹೃದಯದ ಬಡಿತ ಕಾಣುವುದು 25ನೆಯ ದಿನದ ಸುಮಾರಿಗೆ.

36ನೆಯ ದಿನದ ಆಸುಪಾಸಿನಲ್ಲಿ ಗರ್ಭಕೋಶದ ಗೋಡೆಯಲ್ಲಿ ಬಟ್ಟಲಿನಾಕಾರದ ರಚನೆಗಳು ಮೂಡಿ ಒಂದು ವಿಶೇಷ ಹಾರ್ಮೋನನ್ನು ಸ್ರವಿಸತೊಡಗುತ್ತವೆ. ಆ ಬಳಿಕ ಭ್ರೂಣ ಸತ್ತರೂ ಇವು ನಾಲ್ಕನೆಯ ತಿಂಗಳವರೆಗೆ ಕೆಲಸ ಮಾಡುತ್ತಲೇ ಇರುವುದರಿಂದ ಕುದುರೆ ಸರಿಯಾಗಿ ಬೆದೆಗೆ ಬಾರದೆ ಆ ವರ್ಷವೇ ಕೈತಪ್ಪುತ್ತದೆ. ರಕ್ತದಲ್ಲಿ ಈ ಹಾರ್ಮೋನು ಕಂಡ ಮಾತ್ರಕ್ಕೆ ಗಬ್ಬ ಉಳಿದಿದೆ ಎನ್ನುವಂತೆಯೂ ಇಲ್ಲ. ಆದ್ದರಿಂದ 14, 28 ಮತ್ತು 35ನೆಯ ದಿನಗಳ ಆಸುಪಾಸಿನ ಸ್ಕ್ಯಾನ್‌ಗಳನ್ನು ತಪ್ಪಿಸಬಾರದು.

ಅವಳಿ ಗಬ್ಬ

ಆಡು ಕುರಿಗಳಲ್ಲಿ ಅವಳಿ ಲಾಭ; ಕುದುರೆಯಲ್ಲಿ ಅದು ಆಪತ್ತು. ಕುದುರೆಯ ಮಾಸು ಗರ್ಭಕೋಶದ ಒಳಮೈಯನ್ನೆಲ್ಲ ಹಬ್ಬಿಕೊಂಡು ಪೋಷಣೆ ಹೀರುತ್ತದೆ. ಎರಡು ಭ್ರೂಣಗಳಾದರೆ ಆ ಜಾಗವನ್ನು ಹಂಚಿಕೊಳ್ಳಬೇಕು, ಯಾವುದಕ್ಕೂ ಸಾಲದು. ಹೆಚ್ಚಿನವು ಗರ್ಭಪಾತದಲ್ಲಿ ಮುಗಿಯುತ್ತವೆ, ಹುಟ್ಟಿದ ಮರಿಗಳೂ ಬಹುಪಾಲು ಬದುಕುವುದಿಲ್ಲ. ಥರೋಬ್ರೆಡ್‌ಗಳಲ್ಲಿ ಒಂದೇ ಬೆದೆಯಲ್ಲಿ ಎರಡು ಅಂಡ ಬರುವುದು ಸಾಮಾನ್ಯ. ಸ್ಕ್ಯಾನ್ ಬರುವ ಮೊದಲು ಅವುಗಳ ಗರ್ಭಪಾತಕ್ಕೆ ಅತಿ ದೊಡ್ಡ ಕಾರಣವೂ ಇದೇ ಆಗಿತ್ತು. ಈಗ ಭ್ರೂಣಗಳು ನೆಲೆಗೊಳ್ಳುವ ಮುನ್ನ, ಅಂದರೆ 16ನೆಯ ದಿನದೊಳಗೆ, ನುರಿತ ವೈದ್ಯರು ಒಂದನ್ನು ಬೇರ್ಪಡಿಸಿ ಬೆರಳಿನಿಂದ ಒತ್ತಿ ತೆಗೆದು ಇನ್ನೊಂದನ್ನು ಉಳಿಸುತ್ತಾರೆ.

ಕಂದು ಹಾಕುವುದು

ಗಬ್ಬದ ಕೊನೆಯ ತಿಂಗಳುಗಳಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಕಂದು ಹಾಕಿದರೆ ಮೊದಲು ಶಂಕಿಸಬೇಕಾದದ್ದು ಕುದುರೆಯ ಹರ್ಪಿಸ್ ವೈರಸ್-1. ಇದು ಒಂದು ಕುದುರೆಯಿಂದ ಇಡೀ ಲಾಯಕ್ಕೆ ಹಬ್ಬಬಲ್ಲದು. ಐದು, ಏಳು ಮತ್ತು ಒಂಬತ್ತನೆಯ ತಿಂಗಳಲ್ಲಿ ಲಸಿಕೆ ಹಾಕಿಸುವುದು ರೂಢಿ. ಸಾಲ್ಮೊನೆಲ್ಲ ಅಬಾರ್ಟಸ್ ಈಕ್ವಿ ಭಾರತದ ಕುದುರೆಗಳಲ್ಲಿ ಗರ್ಭಪಾತಕ್ಕೆ ಹಳೆಯ ಕಾರಣ. 1985ರಲ್ಲಿ ಹಿಸಾರ್‌ನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಈ ಎರಡೂ ರೋಗಗಳಿಗೆ ಲಸಿಕೆ ರೂಪಿಸಿದೆ. ಕಚ್ಚುವ ನೊಣಗಳಿಂದ ಹರಡುವ ಸರ್ರಾ, ಉಣ್ಣೆಗಳಿಂದ ಹರಡುವ ಪೈರೊಪ್ಲಾಸ್ಮೋಸಿಸ್ ಸಹ ನಮ್ಮ ಹವೆಯಲ್ಲಿ ಗಬ್ಬವನ್ನು ಕೆಡಿಸುತ್ತವೆ. ಈಯುವ ದಿನಕ್ಕೆ ಬಹಳ ಮೊದಲೇ ಕೆಚ್ಚಲು ತುಂಬಿ ಹಾಲು ಸೋರಿದರೆ ಮಾಸಿಗೆ ಸೋಂಕು ತಗುಲಿರುವ ಸೂಚನೆ. ಆ ದಿನವೇ ಚಿಕಿತ್ಸೆ ಆರಂಭಿಸಿದರೆ ಮರಿ ಉಳಿಯುವ ಸಾಧ್ಯತೆಯಿದೆ.

ಕೆಲವೊಮ್ಮೆ ಕಾರಣ ಹುಲ್ಲುಗಾವಲಿನಲ್ಲೇ ಇರುತ್ತದೆ. 2001ರ ವಸಂತದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಸಾವಿರಾರು ಗಬ್ಬಗಳು ಹಾಳಾದವು. ಹುಲ್ಲಿನೊಂದಿಗೆ ಹೊಟ್ಟೆ ಸೇರಿದ ಕಂಬಳಿಹುಳುಗಳಿಗೂ ಇದಕ್ಕೂ ನಂಟಿರುವುದು ತನಿಖೆಯಲ್ಲಿ ಹೊರಬಂತು.

ಮೇವು ಮತ್ತು ಮೈಕಟ್ಟು

ಟೆಕ್ಸಾಸ್‌ನ ಹೆನೆಕೆ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಒಂದರಿಂದ ಒಂಬತ್ತರವರೆಗಿನ ಮೈಕಟ್ಟಿನ ಅಳತೆಯಲ್ಲಿ ಐದಕ್ಕಿಂತ ಕೆಳಗಿರುವ ಕುದುರೆಗಳು ತಡವಾಗಿ ಬೆದೆಗೆ ಬರುತ್ತವೆ, ಕಡಿಮೆ ಗಬ್ಬ ಕಟ್ಟುತ್ತವೆ. ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಮಾತ್ರ ತಾಗುವಂತಿದ್ದರೆ ಮೈಕಟ್ಟು ಸರಿಯಿದೆ. ಹಾಲೂಡಿಸುವ ಕುದುರೆಗೆ ಬರಡು ಕುದುರೆಗಿಂತ ಬಹಳ ಹೆಚ್ಚು ಮೇವು ಬೇಕು. ಮರಿ ಪಕ್ಕದಲ್ಲಿರುವಾಗಲೇ ಮತ್ತೆ ಗಬ್ಬ ಕಟ್ಟಬೇಕೆಂದು ಬಯಸುವವರು ಇದನ್ನು ಮೊದಲು ನೋಡಬೇಕು. ಒಳ್ಳೆಯ ಒಣಹುಲ್ಲು, ಕುದುರೆ ಮಸಾಲೆ ಸೊಪ್ಪು, ಓಟ್ಸ್, ಖನಿಜಗಳ ಜೊತೆ ಶುದ್ಧ ನೀರು ಇದ್ದರೆ ದುಬಾರಿ ಪುಡಿಗಳ ಅಗತ್ಯ ಹೆಚ್ಚು ಬೀಳದು. ಅತಿ ಬೊಜ್ಜೂ ಒಳ್ಳೆಯದಲ್ಲ. ಇನ್ಸುಲಿನ್ ವ್ಯವಸ್ಥೆ ಕೆಟ್ಟು ಗೊರಸಿನ ಉರಿಯೂತ ಬರುತ್ತದೆ, ಬೆದೆ ಚಕ್ರವೂ ಏರುಪೇರಾಗುತ್ತದೆ.

ಈದ ನಂತರದ ಬೆದೆ

ಗಬ್ಬದ ಅವಧಿ ಸರಾಸರಿ 340 ದಿನ. ವರ್ಷಕ್ಕೊಂದು ಮರಿ ಅದೇ ಕಾಲಕ್ಕೆ ಬೇಕಾದರೆ ಈದ 25 ದಿನದೊಳಗೆ ಮತ್ತೆ ಗಬ್ಬ ಕಟ್ಟಬೇಕು. ಈದ ಒಂದೂವರೆ ವಾರದೊಳಗೆ ಬರುವ ಮೊದಲ ಬೆದೆಯಲ್ಲೇ ಹಾಯಿಸುವ ಪದ್ಧತಿ ಹುಟ್ಟಿದ್ದು ಈ ಲೆಕ್ಕದಿಂದ. ಆದರೆ ಗರ್ಭಕೋಶ ಇನ್ನೂ ಕುಗ್ಗುತ್ತಿರುವುದರಿಂದ ಈ ಬೆದೆಯಲ್ಲಿ ಫಲ ಕಡಿಮೆ. ಹತ್ತನೆಯ ದಿನದ ನಂತರ ಅಂಡ ಬಂದರೆ, ಭ್ರೂಣ ಇಳಿಯುವಷ್ಟರಲ್ಲಿ ಗರ್ಭಕೋಶ ಚೇತರಿಸಿಕೊಂಡಿರುತ್ತದೆ. ಕಷ್ಟದಿಂದ ಈದ, ಮಾಸು ಮೂರು ಗಂಟೆಯೊಳಗೆ ಬೀಳದ ಅಥವಾ ಗರ್ಭಕೋಶದಲ್ಲಿ ದ್ರವ ನಿಂತಿರುವ ಕುದುರೆಗೆ ಈ ಬೆದೆ ಬಿಟ್ಟುಬಿಡುವುದೇ ಸರಿ. ಮಾಸು ಉಳಿದರೆ ಕುದುರೆಯ ಜೀವಕ್ಕೇ ಅಪಾಯ.

ಮರಿ ಹುಟ್ಟುವಾಗ ಅದರ ರಕ್ತದಲ್ಲಿ ರೋಗ ತಡೆಯುವ ಪ್ರತಿಕಾಯಗಳು ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಕೆಲವು ಗಂಟೆಗಳಲ್ಲಿ ಕುಡಿದ ಗಿಣ್ಣುಹಾಲೇ ಅದಕ್ಕೆ ರಕ್ಷೆ. ಆ ಗಂಟೆಗಳು ತಪ್ಪಿದರೆ ಹನ್ನೊಂದು ತಿಂಗಳ ಶ್ರಮವೆಲ್ಲ ನೀರುಪಾಲು.

ಬೀಜದ ಕುದುರೆ ಮತ್ತು ಹೊಸ ವಿಧಾನಗಳು

ಹೆಣ್ಣನ್ನು ಗೊಡ್ಡೆಂದು ದೂರುವ ಮುನ್ನ ಗಂಡಿನ ವೀರ್ಯವನ್ನು ಪರೀಕ್ಷಿಸಬೇಕು. ಒಂದೇ ಗಂಡಿಗೆ ಹಂಗಾಮಿನಲ್ಲಿ ನೂರಕ್ಕೂ ಹೆಚ್ಚು ಹೆಣ್ಣು ಕೂಡಿಸುವ ಕಡೆಗಳಲ್ಲಿ ಈ ಎಚ್ಚರ ಇನ್ನೂ ಮುಖ್ಯ. ಥರೋಬ್ರೆಡ್ ವಂಶಾವಳಿ ಪುಸ್ತಕಗಳು ಸಹಜವಾಗಿ ಹಾಯಿಸಿ ಹುಟ್ಟಿದ ಮರಿಯನ್ನು ಮಾತ್ರ ಒಪ್ಪುತ್ತವೆ. ಬೇರೆ ತಳಿಗಳಲ್ಲಿ ಕೃತಕ ಗರ್ಭಧಾರಣೆ, ಭ್ರೂಣ ವರ್ಗಾವಣೆ ಸಾಮಾನ್ಯವಾಗಿವೆ. ಅಶ್ವ ಸಂಶೋಧನಾ ಕೇಂದ್ರದ ಬಿಕಾನೇರ್ ಶಾಖೆಯಲ್ಲಿ 2023ರಲ್ಲಿ ಭ್ರೂಣ ವರ್ಗಾವಣೆಯಿಂದ ಮಾರ್ವಾರಿ ಮರಿಯೊಂದು ಹುಟ್ಟಿತು. ಅದಕ್ಕೆ ‘ರಾಜ್ ಪ್ರಥಮಾ’ ಎಂದು ಹೆಸರಿಟ್ಟರು. ಗರ್ಭಕೋಶ ಸವೆದರೂ ಅಂಡ ಚೆನ್ನಾಗಿರುವ ಉತ್ತಮ ಹೆಣ್ಣುಗಳ ಸಂತತಿಯನ್ನೂ, ಸಂಖ್ಯೆ ಕುಸಿಯುತ್ತಿರುವ ದೇಶೀ ತಳಿಗಳನ್ನೂ ಉಳಿಸಲು ಈ ದಾರಿ ನೆರವಾಗಬಲ್ಲದು.

ದಾಖಲೆ ಮತ್ತು ಆಯ್ಕೆ

ಯಶಸ್ವಿ ಅಶ್ವಶಾಲೆಯ ಬಹುಮುಖ್ಯ ಉಪಕರಣ ಪ್ರತಿ ಹೆಣ್ಣುಕುದುರೆಗೂ ಇಟ್ಟ ಪುಸ್ತಕ. ಬೆದೆಯ ದಿನಗಳು, ಕೋಶಿಕೆಯ ಅಳತೆ, ಹಾಯಿಸಿದ ತಾರೀಖು, ಸ್ಕ್ಯಾನ್ ಫಲಿತಾಂಶ, ಈದ ರೀತಿ, ಮಾಸು ಬಿದ್ದ ಹೊತ್ತು ಇಷ್ಟನ್ನು ಬರೆದಿಟ್ಟರೆ ಮುಂದಿನ ವರ್ಷದ ಅರ್ಧ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಸಿಗುತ್ತದೆ. ಗಬ್ಬ ನಿಲ್ಲದ ಕುದುರೆಯನ್ನು ಹಂಗಾಮು ಮುಗಿದ ಕೂಡಲೇ ಪರೀಕ್ಷಿಸಬೇಕು. ಮುಂದಿನ ಹಂಗಾಮಿನ ಬಾಗಿಲಲ್ಲಿ ಪರೀಕ್ಷಿಸಿದರೆ ಸೋಂಕು ವಾಸಿಯಾಗಲು, ಮೈ ತುಂಬಿಕೊಳ್ಳಲು ಸಮಯವಿರುವುದಿಲ್ಲ. ದೀರ್ಘಕಾಲದ ಪರಿಹಾರವಿರುವುದು ಆಯ್ಕೆಯಲ್ಲಿ. ಪ್ರತಿ ಬಾರಿಯೂ ಹೊಲಿಗೆ, ತೊಳೆತ, ಹಾರ್ಮೋನುಗಳಿಂದಲೇ ಗಬ್ಬ ಕಟ್ಟುವ ತಾಯಿಯ ಹೆಣ್ಣುಮರಿಗಳಿಗೂ ಆ ದೇಹರಚನೆ ಇಳಿದುಬರಬಹುದು. ವೇಗ ಮತ್ತು ಚೆಲುವಿನ ಜೊತೆಗೆ ತಾಯ್ತನದ ದಾಖಲೆಯನ್ನೂ ತೂಗಿ ನೋಡಿ ಹೆಣ್ಣನ್ನು ಆರಿಸುವ ಕಡೆಗಳಲ್ಲಿ ಔಷಧದ ಖರ್ಚು ತಗ್ಗುತ್ತದೆ, ಮರಿಗಳ ಸಂಖ್ಯೆ ಹೆಚ್ಚುತ್ತದೆ ಮತ್ತು ಗೊಡ್ಡೆಂಬ ಹೆಸರು ಹೊತ್ತು ಲಾಯದಿಂದ ಹೊರಬೀಳುವ ಕುದುರೆಗಳು ಕಡಿಮೆಯಾಗುತ್ತವೆ.